ಇಪ್ಪತ್ತು ಎಂಎಂ ಪಂಪು, ಮುಕ್ಕಾಲು ಇಂಚು ಪೈಪು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಕಟ್ಟಿದವರು ನಮ್ಮೂರಿನವರಂತೂ ಅಲ್ಲ. ನಮ್ಮೂರಲ್ಲಿ ಮುತ್ತು ಹೋಗುತ್ತದೆ, ಮಾತು ಹೋಗುವುದಿಲ್ಲ. ಪ್ರತಿ ಮನೆಯ ನಡುಮನೆಯಲ್ಲೂ ಒಂದು ಗಾಜಿನ ತೊಟ್ಟಿ, ಅದರಲ್ಲೊಂದು ಮೀನು. ತೊಟ್ಟಿಯಿಂದ ಹೊರಟು ಗೋಡೆಗಳೊಳಗೆ ಕೋಣೆ ಕೋಣೆ ಸುತ್ತಿ ಮತ್ತೆ ತೊಟ್ಟಿಗೇ ಬಂದು ಬೀಳುವ ಮುಕ್ಕಾಲು ಇಂಚಿನ ಕಬ್ಬಿಣದ ಪೈಪು. ಆ ನೀರು ಓಡುವಷ್ಟು ಹೊತ್ತು ಮನೆಯೊಳಗೆ ಮಾತು ಕೇಳುತ್ತದೆ. ಪಂಪು ನಿಂತು ನೀರು ನಿಂತಿತೋ, ಮನೆ ಮೂಕ. ಬಾಯಿ ಬಡಿದುಕೊಂಡರೂ, ತಟ್ಟೆ ಎತ್ತಿ ಹಾಕಿದರೂ ಕಿವಿಗೆ ಏನೂ ಬೀಳದು. ಹೊಸ್ತಿಲು ದಾಟಿ ಜಗಲಿಗೆ ಬಂದರೆ ಎಲ್ಲ ಎಂದಿನಂತೆ. ನೀರು ಮತ್ತೆ ಓಡತೊಡಗಿದಾಗ, ನಿಂತಿದ್ದ ಹೊತ್ತಿನಲ್ಲಿ ಒಳಗೆ ಆದ ಸದ್ದೆಲ್ಲ ಮೊದಲಿನಿಂದ ಸಾಲಾಗಿ, ಒಂದರ ಬೆನ್ನಿಗೆ ಒಂದು ಹೊರಗೆ ಬರುತ್ತದೆ. ಅದಕ್ಕೆ ನಾವು ಬಾಕಿ ಮಾತು ಎನ್ನುತ್ತೇವೆ.

ಆದ್ದರಿಂದ ನೀರು ನಿಂತ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಜಗಳವಾಡಬೇಕಾದವರು ಜಗಲಿಗೆ ಬಂದು ಆಡುತ್ತಾರೆ. ಒಳಗೇ ಇರಬೇಕಾದವರಿದ್ದರೆ ಅವರ ಕೈಗೂ ಹೊರಗಿನವರ ಕೈಗೂ ಒಂದು ದಾರ ಕಟ್ಟುತ್ತೇವೆ, ಜಗ್ಗಿದರೆ ಕರೆದರೆಂದು ಅರ್ಥ. ಪಂಪು ಸರಿಹೋಗಿ ಬಾಕಿ ಬಿಡುವಾಗ ಮನೆಯವರು ಬಾಗಿಲಿಗೆ ಬೆನ್ನು ಹಾಕಿ ಜಗಲಿಯ ಮೇಲೆ ಕೂರುತ್ತಾರೆ, ಅಕ್ಕಪಕ್ಕದವರು ಮರ್ಯಾದೆಗೆ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಹೆಚ್ಚಿನ ಸಲ ಬರುವುದು ಕೆಮ್ಮು, ಗೊರಕೆ, ಪಾತ್ರೆಯ ಸದ್ದು ಅಷ್ಟೇ. ಎದುರುಮನೆ ಪುಟ್ಟತಾಯಮ್ಮನ ಅಳಿಯ ಒಮ್ಮೆ ನೀರು ನಿಂತಿದೆ ಎಂಬ ಧೈರ್ಯದಿಂದ ಅತ್ತೆಯನ್ನು ಮನಸಾರೆ ಬೈದುಕೊಂಡು, ಮಾರನೆಯ ದಿನ ಬೀದಿಗೆ ಬೀದಿಯೇ ಅದನ್ನು ಕೇಳಿ, ಆ ಬಡಪಾಯಿ ಆಮೇಲೆ ಹಬ್ಬಕ್ಕೂ ಈ ಕಡೆ ತಲೆ ಹಾಕಲಿಲ್ಲ. ಇನ್ನೊಂದು ಮಾತು: ಬಾಕಿಗೆ ಯಾರೂ ಓಗೊಡಬಾರದು. ಯಾಕೆಂದು ನಾನು ಚಿಕ್ಕವಳಿದ್ದಾಗ ಕೇಳಿ ಬೆನ್ನಿಗೆ ಗುದ್ದು ತಿಂದಿದ್ದೇನೆ. ಮೀನು ಸತ್ತರೆ ಮಾತ್ರ ಬಾಕಿಯೂ ಸತ್ತ ಹಾಗೆ. ಆಮೇಲೆ ಎಂಥ ಪಂಪು ಹಾಕಿದರೂ ಬರೀ ನೀರು ಬರುತ್ತದೆ.

ಈ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನಮ್ಮಕ್ಕ ವಿಶಾಲಾಕ್ಷಿ. ಅವ್ವ ಹೋದಾಗ ನನಗೆ ಹಾಲುಹಲ್ಲು. ಅಕ್ಕನೇ ನನ್ನನ್ನು ಎತ್ತಿ ಆಡಿಸಿದ್ದು, ಹೊಡೆದು ಬೆಳೆಸಿದ್ದು. ಪಾಪಚ್ಚಿ ಎಂದು ಕರೆಯುತ್ತಿದ್ದಳು. ನಾನು ದೊಡ್ಡವಳಾಗಿ ಜಗಲಿಯ ಮೇಲೆ ಹೊಲಿಗೆ ಮೆಷಿನ್ನು ಹಾಕಿಕೊಂಡು ಕೂತ ದಿನ ಆ ಹೆಸರು ನಿಂತುಹೋಯಿತು. "ನಮ್ಮನೆ ಹೆಣ್ಣು ಬೀದೀಲಿ ಕೂತು ಕಂಡೋರ ಸೊಂಟ ಅಳೆಯೋದಾ?" ಎಂದು ಮೂರು ಹೊತ್ತೂ ಊಟ ಬಿಟ್ಟಳು. ನಾನು ಮೆಷಿನ್ನು ಬಿಡಲಿಲ್ಲ. ಅಂದಿನಿಂದ ನಾನು ಅವಳಿಗೆ 'ಟೈಲರಮ್ಮ'. ಟೈಲರಮ್ಮ, ಊಟಕ್ಕೆ ಬನ್ನಿ. ಟೈಲರಮ್ಮ, ಹಾಲು ಉಕ್ತಾ ಇದೆ. ನನ್ನ ತಲೆ ಅರ್ಧ ನೆರೆತರೂ ಅವಳ ವ್ಯಂಗ್ಯ ನೆರೆಯಲಿಲ್ಲ. ನನಗಿಂತ ಅವಳಿಗೆ ತೊಟ್ಟಿಯ ಮೀನೇ ಹತ್ತಿರ. ದಿನವಿಡೀ ಸದ್ದಿಲ್ಲದೆ ಬಾಯಿ ಆಡಿಸುತ್ತದೆಂದು ಅದಕ್ಕೆ ಶಾನುಭೋಗ ಎಂದು ಹೆಸರಿಟ್ಟು, ನನ್ನ ಮೇಲಿನ ದೂರನ್ನೆಲ್ಲ ಅದರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಪಂಪು ನಿಂತದ್ದು ಬೆಳಗಿನ ಕಾಫಿಯ ಹೊತ್ತಿಗೆ. ನಾನು ಲೋಟ ಕೆಳಗಿಟ್ಟೆ, ಟಣ್ ಎನ್ನಲಿಲ್ಲ. ಅಕ್ಕ ನನ್ನ ಮುಖ ನೋಡಿದಳು, ಮೊದಲೇ ಹೇಳಿದ್ದೆ ಎನ್ನುವ ಹಾಗೆ. ಆ ಹಳೆಯ ಪಂಪನ್ನು ಬಿಚ್ಚಿ ರಿಪೇರಿ ಮಾಡಿಸು ಎಂದು ಅವಳು, ಹೊಸದು ತರಿಸೋಣ ಎಂದು ನಾನು, ನಮ್ಮದು ಎಣ್ಣೆ ಸೀಗೆಕಾಯಿ. ಮಂಡಿನೋವಿನ ಅವಳಿಗೆ ಜಗಲಿಯ ಮೆಟ್ಟಿಲು ಆಗಿಬರದು, ಒಳಗೇ ಹೊಸ್ತಿಲ ಪಕ್ಕ, ತೊಟ್ಟಿಗೆ ಎರಡೇ ಹೆಜ್ಜೆಯಲ್ಲಿ, ಮಣೆ ಹಾಕಿಕೊಂಡು ಕೂತಳು. ದಾರ ಹುಡುಕುವಷ್ಟು ತಾಳ್ಮೆ ಇಲ್ಲದ ನಾನು ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನೇ ತೆಗೆದು, ಒಂದು ತುದಿ ಅವಳ ಕೈಗೆ, ಇನ್ನೊಂದು ನನ್ನ ಕೈಗೆ ಕಟ್ಟಿ ಮೆಷಿನ್ನಿಗೆ ಕೂತೆ.

ಪೈಪು ರಿಪೇರಿಯ ಚೌಡಪ್ಪ ಹೊಸ ಪಂಪಿನ ಡಬ್ಬ ಹಿಡಿದು ಬಂದ. ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಪಂಪು, ಮೂತಿ ನುಣ್ಣಗೆ. "ಇಂಚಿಂದು ಈಗ ಎಲ್ಲೂ ಬರಲ್ಲ ಮನೋರಮಕ್ಕ, ಎಲ್ಲಾ ಎಂಎಂ. ಇದು ಇಪ್ಪತ್ತು. ನಿಮ್ಮ ಪೈಪು ಮುಕ್ಕಾಲು ಇಂಚು, ಅಂದ್ರೆ ಹತ್ತೊಂಬತ್ತು ಚಿಲ್ರೆ. ಒಂದು ಎಂಎಂ ಏನ್ ಮಹಾ? ತುರುಕಿದ್ರೆ ಕೂತ್ಕೊಳ್ಳುತ್ತೆ" ಎಂದ. ನಾನು ಅರ್ಧ ಇಂಚು ತಪ್ಪಿದರೆ ರವಿಕೆ ಬಿಚ್ಚಿ ಮತ್ತೆ ಹೊಲಿಯುವವಳು, ಈ 'ಏನ್ ಮಹಾ' ನನಗೆ ಸೇರದು. ಅಳೆದೇ ನೋಡೋಣ ಎಂದೆ. ಅಳೆಯಲು ಟೇಪು ಬೇಕಲ್ಲ. ಬಾಗಿಲ ಕಡೆ ತಿರುಗಿ ಅಕ್ಕನಿಗೆ ಕೈಸನ್ನೆ ಮಾಡಿದೆ: ಬಿಚ್ಚು, ಒಂದು ಗಳಿಗೆ. ಅಕ್ಕ ಹುಬ್ಬು ಗಂಟಿಕ್ಕಿದಳು. ನೀರು ನಿಂತ ಮನೆಯಲ್ಲಿ ಬಾಯಿ ತೆರೆಯಬಾರದೆಂದು ನನಗೆ ಕಲಿಸಿದವಳೇ ಅವಳು, ಆದರೂ ಅವಳ ತುಟಿ ಏನೋ ಉದ್ದಕ್ಕೆ ಆಡಿತು. ಹಲ್ಲು ಕಚ್ಚಿ ಗಂಟು ಬಿಚ್ಚಿ ಟೇಪನ್ನು ನನ್ನ ಕಡೆ ಎಸೆದಳು. ಶಾಪ ಹಾಕುತ್ತಿದ್ದಾಳೆ, ಹಾಕಲಿ, ಬಾಕಿ ಬರುವಾಗ ಕೇಳೋಣವೆಂದುಕೊಂಡೆ.

ಟೇಪಿನ ಇಂಚಿನ ಮಗ್ಗುಲು ಸವೆದು ಅಂಕೆ ಅಳಿಸಿತ್ತು, ಎಂಎಂ ಇರುವ ಇನ್ನೊಂದು ಮಗ್ಗುಲು ಮಾತ್ರ ಹೊಸದರಂತಿತ್ತು. ಪಂಪಿನ ಮೂತಿ ಇಪ್ಪತ್ತು ಸರಿಯಾಗಿತ್ತು. ಚೌಡಪ್ಪನ ಚೀಲದಲ್ಲಿದ್ದ ಮುಕ್ಕಾಲು ಇಂಚಿನ ಪೈಪಿನ ತುಂಡು ಅಳೆದೆ. ಹೊರಗಿನಿಂದ ಇಪ್ಪತ್ತಾರರ ಮೇಲೆ ಬಂತು, ಒಳಗಿನಿಂದ ಇಪ್ಪತ್ತೊಂದರ ಮೇಲೆ. "ಇದರಲ್ಲಿ ಮುಕ್ಕಾಲು ಇಂಚು ಎಲ್ಲಿದೆಯೋ?" ಎಂದೆ. ಅವನು ತಲೆ ಕೆರೆದುಕೊಂಡ. "ಅದು ಹೆಸರು ಮಾತ್ರ ಅಕ್ಕ. ನಮ್ಮ ಮಾವನ ಹೆಸರು ಧರ್ಮರಾಯ ಅಂತ. ಹಂಗೆ." ನನಗೆ ನಗು ಬಂತು. ಅವನ ಮಾವನನ್ನು ಊರೇ ಬಲ್ಲದು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು, ಮೆಷಿನ್ನಿನ ಮೇಲೆ ತಲೆ ಇಟ್ಟುಕೊಂಡು ನಕ್ಕೆ. ಅಷ್ಟು ನಕ್ಕು ವರ್ಷಗಳೇ ಆಗಿದ್ದವು. ಆಮೇಲೂ ಅವನು ಮಾವನ ಕಥೆ ಹೇಳುತ್ತಾ ಹೋದ, ನಾನು ಕೇಳುತ್ತಾ ಕೂತೆ. ಟೇಪು ತೊಡೆಯ ಮೇಲಿತ್ತು.

ಗೋಡೆಯ ಪೈಪನ್ನೇ ಅಳೆಯಲೆಂದು ಕೊನೆಗೆ ಒಳಗೆ ಹೋದೆ. ಹೊರಗಿನ ಬಿಸಿಲಿನಿಂದ ಹೋದವಳಿಗೆ ಮೊದಲು ಏನೂ ಕಾಣಲಿಲ್ಲ. ಮಣೆ ಖಾಲಿ. ಕಾಲಿಗೆ ನೀರು ತಗುಲಿತು, ತಂಬಿಗೆ ಉರುಳಿಬಿದ್ದಿತ್ತು. ತೊಟ್ಟಿಯ ಕಾಲಿನ ಹತ್ತಿರ ಅಕ್ಕ ಮಗ್ಗುಲಾಗಿ ಬಿದ್ದಿದ್ದಳು, ಬಾಯಿ ಒಂದು ಕಡೆಗೆ ಎಳೆದಿತ್ತು, ಕಣ್ಣು ತೆರೆದಿತ್ತು. ನಾನು ಕಿರುಚಿದೆ. ಗಂಟಲು ಹರಿಯುವಂತೆ ಕಿರುಚಿದ್ದು ನನಗೇ ಕೇಳಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ದಿಗಿಲು ನಾನು ಕಂಡಿಲ್ಲ. ಚೌಡಪ್ಪ ಬಾಗಿಲಲ್ಲಿ ಇಣುಕದಿದ್ದರೆ ಇನ್ನೂ ಎಷ್ಟು ಹೊತ್ತು ಹಾಗೇ ಬಾಯಿ ತೆರೆದು ನಿಂತಿರುತ್ತಿದ್ದೆನೋ.

ಬೀದಿಯ ಕೊನೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಡಾಕ್ಟರು ನೋಡಿ, "ಲಕ್ವ ಹೊಡೆದಿದೆ. ಬಲಗಡೆ ಪೂರಾ ಹೋಗಿದೆ. ಜೀವಕ್ಕೆ ಭಯ ಇಲ್ಲ, ಆದ್ರೆ ಮಾತು ಬರಲ್ಲ" ಎಂದರು. ಮುಂದೆಂದಾದರೂ ಬರುತ್ತದೆಯೇ ಎಂದು ಕೇಳಿದೆ, ತಲೆಯಾಡಿಸಿಬಿಟ್ಟರು. ನನ್ನ ಮುಖ ನೋಡಿ ಕನಿಕರ ಹುಟ್ಟಿತೋ ಏನೋ, "ಒಂದೇ ಏಟಮ್ಮ. ಏನಾಯ್ತು ಅಂತ ಅವರಿಗೇ ಗೊತ್ತಾಗಿರಲ್ಲ. ನೋವಾಗಿರಲ್ಲ" ಎಂದರು. ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಆಸ್ಪತ್ರೆಯಲ್ಲಿದ್ದ ಹೊತ್ತೆಲ್ಲ ಅದನ್ನೇ ಬಿಚ್ಚಿ ಬಿಚ್ಚಿ ನೋಡಿಕೊಂಡೆ. ಮನೆ, ಪಂಪು, ಮೀನು ಯಾವುದೂ ನೆನಪಾಗಲಿಲ್ಲ.

ಮೂರನೆಯ ದಿನ ಅಕ್ಕನನ್ನು ಕರೆತಂದು ಜಗಲಿಯ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದೆವು. ಒಳಗೆ ಹೋಗಿ ನೋಡಿದರೆ ಶಾನುಭೋಗ ನೀರಿನ ಮೇಲ್ಮೈಗೆ ಬಂದು, ಓರೆಯಾಗಿ ತೇಲುತ್ತಾ ಬಾಯಿ ಬಾಯಿ ಬಿಡುತ್ತಿದ್ದ. ಚೌಡಪ್ಪನನ್ನು ಕೂಗಿ ಕರೆದೆ. ಅವನು ಅದೇ ಎಂಎಂ ಪಂಪಿನ ಮೂತಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ ಪೈಪಿನೊಳಗೆ ತುರುಕಿ, ಸ್ವಿಚ್ಚು ಹಾಕಿ, ಓಡಿ ಹೊರಗೆ ಬಂದ. ನೀರು ಗುಳುಗುಳು ಎಂದಿತು. ಮರುಕ್ಷಣ ಒಳಗಿನಿಂದ ಅಕ್ಕನ ದನಿ ಬಂತು.

"ತಗೊಂಡ್ಹೋಗು. ಅಳೆ. ನಂಗೇನೂ ಆಗಲ್ಲ. ಅಳತೆ ಇಲ್ದೆ ಕೆಲ್ಸ ಮಾಡ್ಬಾರ್ದು ಅಂತ ನಿಂಗೆ ಕಲಿಸಿದ್ದು..." ಅಷ್ಟರಲ್ಲಿ ಟಪ್ ಎಂದು ಪಟ್ಟಿ ಕಿತ್ತುಕೊಂಡು ಪಂಪು ಕೆಳಗೆ ಬಿತ್ತು. ಮನೆ ಮತ್ತೆ ಮೂಕವಾಯಿತು.

ಶಾಪವೆಂದುಕೊಂಡದ್ದು ಶಾಪವಾಗಿರಲಿಲ್ಲ, ಅದು ಒಂದು. ಇನ್ನೊಂದು, ಇನ್ನೂ ಇದೆ. ಅಕ್ಕ ಒಳಗೆ ಮಾತಾಡಿದ್ದಾಳೆ. ಇನ್ನು ಈ ಜನ್ಮದಲ್ಲಿ ಅವಳ ಬಾಯಿಂದ ಬಾರದ ಮಾತು ಆ ತೊಟ್ಟಿಯ ನೀರಿನಲ್ಲಿದೆ. ಆ ಮೀನು ಉಸಿರು ಹಿಡಿದಿರುವ ತನಕ ಮಾತ್ರ ಇದೆ.

ಕಿಟಕಿಯಿಂದ ಕೇಳಿಸಿಕೊಂಡಿದ್ದ ಪುಟ್ಟತಾಯಮ್ಮ ಬೀದಿ ದಾಟಿ ಬಂದು ನನ್ನ ಭುಜ ಹಿಡಿದಳು. "ಮೀನು ಹೋದ್ರೆ ಹೋಗ್ಲಿ ಬಿಡೇ ಮನೋರಮಾ. ಬೇರೆ ಮೀನು ತಂದ್ರಾಯ್ತು. ಡಾಕ್ಟರು ಹೇಳಿದ್ದೇ ನಿಜ ಅಂದ್ಕೊಂಡಿರು. ಕೇಳಿದ್ಮೇಲೆ ಕೇಳಲಿಲ್ಲ ಅಂತ ಮಾಡಕ್ಕಾಗಲ್ಲ ಕಣೇ." ಅವಳು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಅವಳ ಮನೆಯ ಬಾಕಿ ಅವಳಿಗೆ ಏನು ಮಾಡಿತ್ತೆಂದು ನನಗೆ ಗೊತ್ತು.

ನಾನು ಅಕ್ಕನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. "ಕೇಳ್ಲಾ ಅಕ್ಕಾ? ಬೇಡ್ವಾ?" ಎಂದೆ. ಅವಳು ನನ್ನನ್ನೇ ನೋಡಿದಳು. ಎಡಗೈ ಮೆಲ್ಲಗೆ ಎದ್ದು, ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪಿನ ತುದಿ ಹಿಡಿದು ಒಮ್ಮೆ ಜಗ್ಗಿತು. ಅದು ಹೂಂ ಎಂದೋ ಬೇಡವೆಂದೋ ತಿಳಿಯಲಿಲ್ಲ. ನಾನು ಹೂಂ ಎಂದೇ ತಿಳಿದೆ.

ಆಮೇಲಿನದು ಹೇಳಿದರೆ ನಗುತ್ತೀರಿ. ಒಳಗೆ ಬರೀ ಕೈಸನ್ನೆ, ಹೊರಗೆ ಬಂದರೆ ಜಗಳ. ಚೌಡಪ್ಪ ಅಂಟು ಕಲಸಿ ಮೆತ್ತುತ್ತೇನೆ ಎಂದ. ಅದು ಗಟ್ಟಿಯಾಗಲು ಒಂದು ರಾತ್ರಿ ಬೇಕು, ಶಾನುಭೋಗನಿಗೆ ಅಷ್ಟು ಆಯುಸ್ಸಿರಲಿಲ್ಲ. ಪೈಪು ಸಣ್ಣ ಮಾಡುವ ಕಪ್ಲಿಂಗ್ ತರುತ್ತೇನೆ ಎಂದ. ಅದೂ ಇಂಚಿನದೇ. "ಒಂದು ಕಡೆ ಇಂಚು ಒಂದು ಕಡೆ ಎಂಎಂ ಇರೋದು ಯಾರೂ ಮಾಡಲ್ಲ ಅಕ್ಕಾ" ಎಂದು ಅಳುವ ಹಾಗಾದ. "ಪೈಪಿಗೆ ಸೇರಿಸದೆ ತೊಟ್ಟಿಯೊಳಗೆ ಪೂರ್ತಿ ಮುಳುಗಿಸಿ ಬರೀ ಪಂಪು ಓಡಿಸಿದ್ರೆ ಮೀನಾದ್ರೂ ಉಳಿಯುತ್ತಲ್ಲ" ಎಂದ. ಹಾಗೆ ಓಡಿಸಿದರೆ ಬಾಕಿ ತೊಟ್ಟಿಯಲ್ಲೇ ಕಲಸಿಹೋಗಿ ಗೊಜ್ಜಾಗುತ್ತದೆ ಎಂದು ಪುಟ್ಟತಾಯಮ್ಮನೇ ಅವನಿಗೆ ಬೈದಳು. ಬೇಡವೆಂದವಳೂ ಅವಳೇ, ಹೋಗದೆ ನಿಂತವಳೂ ಅವಳೇ.

ತೋಳು ದೊಡ್ಡದಾಗಿ ಕಂಕುಳ ಸುತ್ತು ಚಿಕ್ಕದಾದರೆ ನಾನು ಎರಡನ್ನೂ ಕತ್ತರಿಸುವುದಿಲ್ಲ. ಎಳೆದರೆ ಬರುವ ಬಟ್ಟೆಯನ್ನು ಎಳೆದು, ಸಡಿಲಿಸಿ, ಹೊಂದಿಸಿ ಹೊಲಿಯುತ್ತೇನೆ. ಚೌಡಪ್ಪನ ಚೀಲದೊಳಗೆ ಒಂದು ಮೊಳ ಮೆದುವಾದ ಟ್ಯೂಬು ಕಂಡಿತು, ಒಳಗಿನದು ಹೊರಗೆ ಕಾಣುವಂಥದು. "ಇದಕ್ಕೆ ಇಂಚೂ ಗೊತ್ತಿಲ್ಲ ಎಂಎಂ ಗೊತ್ತಿಲ್ಲ, ಇದನ್ನ ನಡುವೆ ಹಾಕು" ಎಂದೆ. "ಏರಲ್ಲ ಅಕ್ಕಾ, ಬಿಗಿ" ಎಂದ ಅವನು, ಆಮೇಲೆ ತಾನೇ ಹಣೆ ಚಚ್ಚಿಕೊಂಡು, "ಬಿಸಿನೀರಲ್ಲಿ ಅದ್ದಿದ್ರೆ!" ಎಂದ. ಪುಟ್ಟತಾಯಮ್ಮ ತನ್ನ ಒಲೆಯಿಂದ ಕುದಿಯುವ ನೀರು ತಂದಳು. ಗೋಡೆಯ ಪೈಪಿಗೆ ಇಂಚಿನ ತಿರುಪಿರುವ, ನಿಪ್ಪಲ್ ಎನ್ನುವ ಹಿತ್ತಾಳೆ ಕೊಳವೆ ಕೂರಿಸಿ, ಟ್ಯೂಬಿನ ಒಂದು ತುದಿ ಅದ್ದಿ ಅದಕ್ಕೆ ಏರಿಸಿ, ಇನ್ನೊಂದು ತುದಿ ಅದ್ದಿ ಪಂಪಿನ ಮೂತಿಗೆ ಏರಿಸಿ, ಎರಡಕ್ಕೂ ಕ್ಲ್ಯಾಂಪು ಬಿಗಿದ. ನನ್ನ ಬೆರಳು ಸುಟ್ಟವು, ಗೊತ್ತಾಗಲಿಲ್ಲ. ಶಾನುಭೋಗನ ಕಿವಿರು ಆಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಆಡುತ್ತಿತ್ತು.

ಸ್ವಿಚ್ಚು ಹಾಕಿ ಚೌಡಪ್ಪ ತಲೆ ತಗ್ಗಿಸಿಕೊಂಡು ಹೊರಟುಹೋದ. ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ನಾವಿಬ್ಬರೇ ಕೂತೆವು. ಟೇಪಿನ ಒಂದು ತುದಿ ಅವಳ ಎಡಗೈಗೆ ಕಟ್ಟಿ ಇನ್ನೊಂದನ್ನು ನನ್ನ ಕೈಗೆ ಸುತ್ತಿಕೊಂಡೆ. ಯಾಕೆ ಕಟ್ಟಿದೆನೋ, ಅವಳು ಪಕ್ಕದಲ್ಲೇ ಇದ್ದಳು.

ನೀರು ಓಡಿತು. ಒಳಗಿನಿಂದ ಅಕ್ಕ, ಅರ್ಧಕ್ಕೆ ನಿಂತಿದ್ದಲ್ಲಿಂದ: "...ನಾನೇ ಅಲ್ವಾ." ಮಣೆ ಸರಿದ ಸದ್ದು ಬಂತು. "ಏನೋ ಶಾನುಭೋಗ, ಬಿಸಿಲಿಗೆ ತಲೆ ಸುತ್ತುತ್ತಾ ಇದೆ ಕಣೋ. ಒಂದ್ ಗುಟುಕು ನೀರು ಕುಡೀತೀನಿ." ತಂಬಿಗೆ ಉರುಳಿತು. ಧೊಪ್ ಎಂದಿತು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಇಷ್ಟೇ, ಡಾಕ್ಟರು ಹೇಳಿದಂತೆ ಒಂದೇ ಏಟು, ಮುಗಿಯಿತು.

"ಟೈಲರಮ್ಮ" ಎಂದಿತು ಒಳಗಿನ ದನಿ.

"ಏ ಮನೋರಮಾ. ಬಿದ್ದಿದೀನಿ ಕಣೆ. ಕೈ ಏಳ್ತಿಲ್ಲ." ಅದರ ಬೆನ್ನಿಗೇ, "ಮನೂ." ಅದರ ಬೆನ್ನಿಗೇ, "ಮನೂ, ಬಾರೇ." ನಡುವೆ ಎಷ್ಟು ಹೊತ್ತು ಕಳೆಯಿತೆಂದು ಬಾಕಿ ಹೇಳುವುದಿಲ್ಲ. ಕರೆ ಕರೆಗೆ ದನಿ ದಪ್ಪವಾಗುತ್ತಿತ್ತು, ನಾಲಿಗೆ ತೊಡರುತ್ತಿತ್ತು. ಅದೊಂದರಿಂದ ಹೊತ್ತು ಕಳೆದದ್ದು ತಿಳಿಯಬೇಕು. ಒಂದೇ ಏಟಂತೆ. ಗೊತ್ತೇ ಆಗಿರುವುದಿಲ್ಲವಂತೆ. ನಾನು ಪಕ್ಕದಲ್ಲಿದ್ದ ಅಕ್ಕನ ಮುಖ ನೋಡಲಾರದೆ ಬೀದಿ ನೋಡುತ್ತಾ ಕೂತೆ.

ಆಮೇಲೆ ಒಳಗಿನ ದನಿ ನನ್ನನ್ನು ಬಿಟ್ಟು ಮೀನಿನೊಂದಿಗೆ ಮಾತಾಡಿತು. "ಕಾಣ್ತಾಳೆ ಕಣೋ, ಬಾಗಿಲಿಂದ. ನಗ್ತಿದಾಳೆ." ಸ್ವಲ್ಪ ತೊದಲಿತು. "ಎಷ್ಟು ದಿನ ಆಗಿತ್ತೋ ಶಾನುಭೋಗ, ಅವಳು ಹಂಗೆ ನಕ್ಕು. ನಗ್ಲಿ ಬಿಡು."

ಒಳಗೆ ಬಿದ್ದವಳ ಕಣ್ಣಿಗೆ ನಾನು ಬಿಸಿಲಲ್ಲಿ, ಮೆಷಿನ್ನಿನ ಮೇಲೆ ತಲೆ ಇಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು.

"ಪಾಪಚ್ಚೀ" ಎಂದಿತು ದನಿ. ನಾನು ಮೆಷಿನ್ನಿಗೆ ಕೂತ ದಿನದಿಂದ ಈಚೆಗೆ ಮೊದಲ ಸಲ. ಆಮೇಲೆ ಅದೊಂದೇ. ಪಾಪಚ್ಚಿ. ಪಾಪಚ್ಚಿ. ಕೊನೆಕೊನೆಗೆ ಪಾ ಎನ್ನುವುದಷ್ಟೇ ಉಳಿದು, ಉಳಿದದ್ದು ಬರೀ ಗಾಳಿ.

ನಾನು ಎದ್ದೆ. ಬಾಗಿಲಿಗೆ ಮುಖ ಮಾಡಿ, ಇಡೀ ಬೀದಿಗೆ ಕೇಳುವಂತೆ, "ಓ, ಬಂದೆ ಅಕ್ಕಾ" ಎಂದೆ. ಎದುರುಮನೆಯ ಕಿಟಕಿ ಧಡಾರನೆ ತೆರೆಯಿತು. "ಅಯ್ಯೋ, ಓಗೊಡಬೇಡ್ವೇ ಹುಚ್ಚಿ!" ಎಂದು ಪುಟ್ಟತಾಯಮ್ಮ ಬಾಯಿ ಬಡಿದುಕೊಂಡಳು. ಒಳಗಿನಿಂದ ಮತ್ತೆ ಪಾ ಎಂದಿತು. "ಬಂದೆ, ಬಂದೇಬಿಟ್ಟೆ" ಎನ್ನುತ್ತಾ ಹೊಸ್ತಿಲು ದಾಟಿದೆ. ತೊಟ್ಟಿಯ ಕಾಲಿನ ಹತ್ತಿರ, ನೀರು ಚೆಲ್ಲಿ ಒಣಗಿದ ಕಲೆ ಇರುವಲ್ಲಿ ಮಂಡಿಯೂರಿ ಕೂತು, ಬಂದ ಒಂದೊಂದು ಕರೆಗೂ ಓ ಎಂದೆ. ಎಷ್ಟು ಓ ಎಂದರೂ ಅದು ಕರೆಯುತ್ತಲೇ ಇತ್ತು. ಅದಕ್ಕೆ ನಾನು ಬಂದದ್ದು ತಿಳಿಯುವುದೇ ಇಲ್ಲ ಎಂದು ಆಗ ನನಗೆ ಅರ್ಥವಾಯಿತು, ಅರ್ಥವಾಗಿಯೂ ಓ ಎನ್ನುತ್ತಿದ್ದೆ.

ಆಗ ಕೈಯಲ್ಲಿದ್ದ ಟೇಪು ಜಗ್ಗಿತು.

ಒಂದು ಸಲ, ಮೆಲ್ಲಗೆ. ನಾನು ಅಲುಗದಿದ್ದುದಕ್ಕೆ ಇನ್ನೊಂದು ಸಲ, ಅವಳ ಹಳೆಯ ಸಿಡುಕೆಲ್ಲ ಸೇರಿದಂತೆ ಜೋರಾಗಿ. ನಾನು ಎದ್ದು ಕಣ್ಣೊರೆಸಿಕೊಂಡು ಜಗಲಿಯ ಕಡೆ ಹೊರಟೆ. ಬೆನ್ನ ಹಿಂದೆ ತೊಟ್ಟಿಯ ನೀರು ಬೇರೆ ದನಿ ತೆಗೆಯಿತು. ಅದು ನನ್ನದೇ, ಮೂರು ದಿನ ತಡವಾಗಿ, ಅಕ್ಕಾ ಅಕ್ಕಾ ಎಂದು ಗಂಟಲು ಹರಿದುಕೊಳ್ಳುತ್ತಿತ್ತು. ನಾನು ತಿರುಗಲಿಲ್ಲ. ಹೊರಗೆ ಅಕ್ಕ ದಿಂಬಿನಿಂದ ಜಾರಿ ಓರೆಯಾಗಿದ್ದಳು, ಅವಳನ್ನು ನೆಟ್ಟಗೆ ಕೂರಿಸಬೇಕಾಗಿತ್ತು.